ಒಂದೇ ರಕ್ತ

ಅವ್ವ,

ಇವತ್ತು ಬೆಳಗ್ಗೆ ಶುಗರ್ ಟೆಸ್ಟಿಗೆ ರಕ್ತ ತರಲು ಲ್ಯಾಬಿನಿಂದ ವೈದ್ಯನಾಥಪುರಕ್ಕೆ ಹೋಗಿದ್ದೆ. ಚಿಕ್ಕತಾಯಮ್ಮ ಅಂತ, ನಿನ್ನದೇ ವಯಸ್ಸು. ಸೂಜಿ ಕಂಡದ್ದೇ ಆಯಮ್ಮ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ನನ್ ಮಗಳ್ದು ತಕ್ಕೊಳವ್ವ. ನನ್ನೊಟ್ಟೇಲಿ ಉಟ್ಟಿರೋಳು, ಒಂದೇ ರಕ್ತ ಅಲ್ವಾ?"

ನಿನ್ನದೇ ಮಾತು. ಮಗಳು ನಗುತ್ತಾ ತೋಳು ಚಾಚಿಯೇಬಿಟ್ಟಳು. ನಾನು ಒಪ್ಪಲಿಲ್ಲ. ಅರ್ಧ ಗಂಟೆ ಕೂತು, ಗದರಿ, ಗೋಗರೆದು, ಕೊನೆಗೆ ಮುದುಕಿಯ ಕೈಯಿಂದಲೇ ರಕ್ತ ತೆಗೆದೆ. ಆಯಮ್ಮ ಮಗುವಿನ ಹಾಗೆ ಅತ್ತಳು.

"ಅದೇನ್ ಕಲ್ಲು ಮನಸ್ಸಮ್ಮ ನಿಂದು! ನಿಂಗೂ ಒಬ್ಳು ಅವ್ವ ಇಲ್ವಾ?" ಎಂದಳು ಮಗಳು.

ನಾನು ತಲೆ ತಗ್ಗಿಸಿ ಟ್ಯೂಬಿನ ಮೇಲೆ ಹೆಸರು ಬರೆದೆ.

ಅವತ್ತು ನಮ್ಮನೆ ಜಗುಲಿಯಲ್ಲಿ ನೀನೂ ಹೀಗೇ ಕೈ ಬಚ್ಚಿಟ್ಟುಕೊಂಡಾಗ ನನಗೆ ಡ್ಯೂಟಿಗೆ ತಡವಾಗಿತ್ತು, ನಿನ್ನ ಗೋಳೂ ಸಾಕಾಗಿತ್ತು. ನನ್ನ ರಕ್ತವನ್ನೇ ತೆಗೆದು, ಟ್ಯೂಬಿನ ಮೇಲೆ ನಿನ್ನ ಹೆಸರು ಬರೆದುಬಿಟ್ಟೆ. ನಾರ್ಮಲ್ ಅಂತ ಬಂದ ರಿಪೋರ್ಟನ್ನು ನೀನು ದೇವರ ಗೂಡಿನಲ್ಲಿಟ್ಟೆ. ಕಾಫಿಗೆ ಮತ್ತೆ ಬೆಲ್ಲ ಬಿತ್ತು. ಕಾಲಿನ ಹುಣ್ಣು ಮಾಯದೆ ಕಪ್ಪಾದಾಗಲೂ ಆಸ್ಪತ್ರೆಗೆ ಬರಲು ಒಪ್ಪದೆ, ಕೇಳಿದವರಿಗೆಲ್ಲ ಕೊನೆಯುಸಿರಿನ ತನಕ ನೀನು ಹೇಳಿದ್ದು ಒಂದೇ: "ನಂಗೆ ಸುಗರಿಲ್ಲ ಕಣಮ್ಮ, ನನ್ ಮಗಳೇ ಟೆಸ್ಟ್ ಮಾಡವ್ಳೆ."

ಆ ರಿಪೋರ್ಟು ಸುಳ್ಳಲ್ಲ ಅವ್ವ. ನನಗೆ ಶುಗರ್ ಇರಲಿಲ್ಲ.