ಕೈ ಕಳಿಸಿದವರು

ರಾಯದುರ್ಗ
17 ಆಗಸ್ಟ್ 2022

ನನ್ನ ದುರ್ಗಾ,

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಬಿಟ್ಟರೆ ದೂರುವಂಥದ್ದೇನೂ ಇಲ್ಲ. ನಿನಗೆ ಕಾಗದ ಬರೆದು ಒಂಬತ್ತು ವರ್ಷವಾಯಿತು. ಶಾಲೆಯಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸುವ ನಾನು ಇರುವ ಒಬ್ಬಳೇ ತಂಗಿಗೆ ಬರೆಯಲಿಲ್ಲ. ನೀನು ಮಡಕಶಿರದ ಕಡೆ ಮದುವೆಯಾಗಿ ಹೋದ ಮೇಲೆ ಹಬ್ಬಕ್ಕೊಂದು ಫೋನು ಇತ್ತು. ‘ಡ್ಯೂಟಿಗೆ ಹೊಂಟೀನಕ್ಕ’ ಎಂದು ನೀನು ಇಟ್ಟುಬಿಡುತ್ತಿದ್ದೆ, ನಾನೂ ತಡೆಯುತ್ತಿರಲಿಲ್ಲ. ಆಮೇಲೆ ನಿನ್ನ ನಂಬರು ಬದಲಾಯಿತು. ಹೊಸದನ್ನು ನಾನು ಯಾರನ್ನೂ ಕೇಳಲಿಲ್ಲ. ತಪ್ಪು ನನ್ನದು.

ಈಗ ಬರೆಯಲು ಕಾರಣವಿದೆ. ನಿನ್ನದೊಂದು ವಸ್ತು ನನ್ನ ಹತ್ತಿರ ಉಳಿದಿತ್ತು. ಅದನ್ನು ನನ್ನದೆಂದು ಊರಿಗೆಲ್ಲ ತೋರಿಸಿಬಿಟ್ಟಿದ್ದೇನೆ.

ಪಡಸಾಲೆಯಲ್ಲಿ ಮಿಷಿನ್ ಮುಂದೆ ಕೂತು ನೀನು ಹಾಡುತ್ತಿದ್ದೆಯಲ್ಲ, ಆ ಹಾಡು.

ನೂಲೇ ನೂಲೇ ಎಲ್ಲಿಗೆ ಹೊಂಟಿ,
ಸೂಜಿಯ ಕಣ್ಣಾಗ ತೂರಿ ಹೊಂಟಿ,
ಒಳಗಿನ ಗಂಟು ಒಳಗೇ ಇರಲಿ…

ಯಾರೂ ಕಲಿಸಿದ್ದಲ್ಲ. ಪೆಡಲ್ ತುಳಿಯುವ ತಾಳಕ್ಕೆ ನೀನೇ ಕಟ್ಟಿದ್ದು. ಎಷ್ಟೋ ವರ್ಷದ ಹಿಂದೆ ಎಂಟನೇ ತರಗತಿಯ ಮಕ್ಕಳಿಗೆ ನಾನು ಅದನ್ನು ಒಮ್ಮೆ ಹಾಡಿ ತೋರಿಸಿದ್ದೆ. ಕೊನೆಯ ಸಾಲು ಮರೆತುಹೋಗಿತ್ತು. ಎಂ.ಎ. ಓದಿದವಳಿಗೆ ಒಂದು ಸಾಲು ಯಾವ ಲೆಕ್ಕ ಎಂದು ‘ಹೊರಗಿನ ಊರಿಗೆ ಚೆಂದ ಕಾಣಲಿ’ ಎಂದು ಸೇರಿಸಿದೆ. ಹೆಣ್ಣಿನ ಒಳಗಿನ ನೋವನ್ನೇ ಇಲ್ಲಿ ಗಂಟು ಎಂದಿದ್ದಾರೆ ಎಂದು ಅರ್ಥವನ್ನೂ ಹೇಳಿದೆ.

ಆ ತರಗತಿಯಲ್ಲಿದ್ದ ಗಂಗೋತ್ರಿ ಈಗ ಇಲ್ಲೇ ಜೀನ್ಸ್ ಯೂನಿಟ್ಟಿನಲ್ಲಿ ಜೇಬು ಹೊಲಿಯುತ್ತಾಳೆ. ಒಳ್ಳೆಯ ಕಂಠ. ಊಟದ ಬಿಡುವಿನಲ್ಲಿ ಹಾಡಿ ಫೋನಿನಲ್ಲಿ ಹಾಕುತ್ತಾಳೆ, ಕೇಳಲು ಸಾವಿರಾರು ಜನ ಇದ್ದಾರೆ. ಜೂನ್ ತಿಂಗಳಲ್ಲಿ ನಿನ್ನ ಹಾಡನ್ನು ಹಾಡಿ, ಕೆಳಗೆ ‘ನಮ್ಮ ನಾಗಮಣಿ ಟೀಚರ್ ಹಾಡು’ ಎಂದು ಬರೆದಳು. ಒಂದು ವಾರದಲ್ಲಿ ಊರೆಲ್ಲ ಗುನುಗತೊಡಗಿತು. ಸಂತೆಯಲ್ಲಿ ಸೊಪ್ಪಿನವಳು ಕೂಡ, ‘ನಿಮ್ಮ ಹಾಡು ನಮ್ಮ ಮನ್ಯಾಗ ನಡದೈತ್ರಿ ಟೀಚರ್’ ಎಂದಳು. ನನ್ನದಲ್ಲ, ತಂಗಿಯದು ಎನ್ನಬೇಕಿತ್ತು. ನಕ್ಕು, ಸೊಪ್ಪು ತೆಗೆದುಕೊಂಡು ಬಂದೆ.

ಅಭಿಮಾನಿಗಳೆಲ್ಲ ವಿಡಿಯೋ ಮಾಡಿ ಎಂದು ಹಿಂದೆ ಬಿದ್ದರು. ಮದುವೆಗಳ ವಿಡಿಯೋ ತೆಗೆಯುವ ಓಬುಲೇಶನ ಸ್ಟುಡಿಯೋದಲ್ಲಿ ಮೂವರೂ ಕೂತೆವು.

“ಲೈಟು ಬೇಕು, ಜಾಗ ಬೇಕು, ಕುಣಿಯೋರು ಬೇಕ್ರಿ ಟೀಚರ್. ನನ್ನ ಹತ್ರ ಇರಾದು ಒಂದು ಕ್ಯಾಮೆರಾ, ಆಷಾಢದ ಪುರುಸೊತ್ತು. ಅಷ್ಟ” ಎಂದ ಓಬುಲೇಶ್.

“ಕುಣಿಯೋರು ಯಾಕಣ್ಣ? ವಿಡಿಯೋ ಕೇಳಿದೋರನ್ನೇ ಕೇಳಾಣು. ಹಾಡು ಹಚ್ಚಿಕೊಂಡು, ತಾಳಕ್ಕ ತಮ್ಮ ಕೈ ಹೊಲಿಯೋದನ್ನ ಹತ್ತು ಸೆಕೆಂಡು ತೆಗೆದು ಕಳಿಸಲಿ” ಎಂದಳು ಗಂಗೋತ್ರಿ. ಮುಖ ಬೇಡ, ಕೈ ಸಾಕು, ಬಟ್ಟೆ ಚೆಂದ ಕಾಣಲಿ ಎಂದು ಫೋನಿನಲ್ಲಿ ಹಾಕಿದೆವು.

ದುರ್ಗಾ, ಆಮೇಲೆ ಆದದ್ದನ್ನು ಹೇಗೆ ಹೇಳಲಿ. ಇಪ್ಪತ್ತು ಬಂದರೆ ಹೆಚ್ಚು ಎಂದುಕೊಂಡಿದ್ದೆ. ಹತ್ತು ದಿನದಲ್ಲಿ ನಾನೂರು ದಾಟಿತು. ಬೊಮ್ಮನಹಾಳ್, ಡಿ. ಹಿರೇಹಾಳ್, ಬಳ್ಳಾರಿ, ಬೆಂಗಳೂರು, ತಿರುಪ್ಪೂರು. ದೂರದೇಶದ ಯಾವುದೋ ಫ್ಯಾಕ್ಟರಿಯ ಹಾಸ್ಟೆಲಿನಿಂದಲೂ ಒಂದು ಬಂತು. ಒಬ್ಬಳು ತೆಲುಗಿನಲ್ಲಿ ಬರೆದಿದ್ದಳು: ‘ಮಾ ಚೇತುಲು ಕೂಡಾ ಪಂಪಿಸ್ತುನ್ನಾಂ, ಟೀಚರಮ್ಮಾ.’ ನಮ್ಮ ಕೈಗಳನ್ನೂ ಕಳಿಸುತ್ತಿದ್ದೇವೆ ಎಂದು. ಎಷ್ಟು ಕವಿತೆ ಓದಿದ್ದೇನೆ, ಇಂಥ ಮಾತು ನನಗೆ ಯಾರೂ ಬರೆದಿರಲಿಲ್ಲ.

ಓಬುಲೇಶ್ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತ. “ಏನ್ರೀ ಇದು, ಎಲ್ಲಾ ಉಲ್ಟಾ! ಚೆಂದ ಕಾಣಲಿ ಅಂದ್ರ ಒಬ್ಬರಾದ ಮ್ಯಾಗ ಒಬ್ಬರು ಬಟ್ಟೆಯ ಒಳಮೈ ತೋರ್ಸ್ಯಾರ!”

ಗಂಗೋತ್ರಿ ಬಿದ್ದು ಬಿದ್ದು ನಕ್ಕಳು. “ಹೊಲಿಯೋರಿಗೆ ಪ್ಯಾಂಟಂದ್ರ ಒಳಮೈನ ಅಣ್ಣ. ಹೊರಮೈ ಹಾಕ್ಕೊಳ್ಳೋರಿಗೆ. ನಾವು ಅದನ್ನ ಸರಿಯಾಗಿ ನೋಡೋದು ಯಾರದಾರ ಮೈಮ್ಯಾಗ.”

ಪರದೆಯ ಮೇಲೆ ನೂರಾರು ಬಟ್ಟೆಗಳ ಒಳಮೈ. ಎಳೆ ಬಿಟ್ಟ ಅಂಚು, ಅಡ್ಡಾದಿಡ್ಡಿ ದಾರ, ಪ್ರತಿ ಹೊಲಿಗೆಯ ಕೊನೆಗೆ ಒಂದು ಗಂಟು. ನಾನು ಯಾವುದೋ ನೋವು ಎಂದು ಮಕ್ಕಳಿಗೆ ಬಿಡಿಸಿ ಹೇಳಿದ್ದ ಗಂಟು ಇದೇ. ನೀನು ಕಣ್ಣ ಮುಂದಿದ್ದದ್ದನ್ನು ಹಾಡಿದ್ದೆ. ಇದೇ ಊರಿನಲ್ಲಿ ಬದುಕಿ, ಜೀನ್ಸಿನ ಬಣ್ಣ ಹತ್ತಿ ನೀಲಿಯಾದ ಬೆರಳಿನ ಹೆಣ್ಣುಮಕ್ಕಳಿಗೆ ಪಾಠ ಹೇಳಿ, ನಾನು ಒಮ್ಮೆಯೂ ಬಟ್ಟೆಯನ್ನು ತಿರುಗಿಸಿ ನೋಡಿರಲಿಲ್ಲ.

ಕೆಲವರ ಕೈಯಲ್ಲಿ ಬಟ್ಟೆಯೇ ಇರಲಿಲ್ಲ. ಮೊದಲು ಅರ್ಥವಾಗಲಿಲ್ಲ. ನಿಮ್ಮ ಮಡಕಶಿರದ ಹತ್ತಿರದ ಅಮರಾಪುರದ ಕಡೆಯ ಕದಿರಮ್ಮ ಎಂಬುವರು ಬರೆದಿದ್ದರು: ‘ಫ್ಯಾಕ್ಟ್ರಿ ಒಳಕ್ಕೆ ಫೋನ್ ಬಿಡಾಕಿಲ್ಲ ಟೀಚರಮ್ಮ. ಅದ್ಕೇ ಬಸ್ಸಾಗೇ ಹೊಲ್ದಿದೀವಿ.’ ಗಾರ್ಮೆಂಟ್ ಬಸ್ಸು, ಹೊರಗೆ ಬೆಳಗಿನ ಬಿಸಿಲು. ಸೀಟು ಸೀಟಿನಲ್ಲೂ ಹೆಂಗಸರ ಖಾಲಿ ಮಡಿಲು, ಮಡಿಲಿನ ಮೇಲೆ ಓಡುವ ಕೈ. ಇಲ್ಲದ ಬಟ್ಟೆಯನ್ನು ಎಡಗೈ ನೂಕುತ್ತದೆ, ಬಲಗೈ ತಿರುಗಿಸುತ್ತದೆ, ಕೊನೆಗೆ ಎಲ್ಲರೂ ಒಟ್ಟಿಗೆ ದಾರ ಕತ್ತರಿಸುತ್ತಾರೆ. ಬಸ್ಸು ಗುಂಡಿಗೆ ಬಿದ್ದು ಎದ್ದರೂ ಒಬ್ಬರ ಹೊಲಿಗೆಯೂ ಸೊಟ್ಟಗಾಗಲಿಲ್ಲ. ನಾನು ಕುರ್ಚಿಯಿಂದ ಎದ್ದು ನಿಂತೆ. ಯಾಕೆ ಎಂದು ಈಗಲೂ ಹೇಳಲಾರೆ. ಕೂತು ನೋಡುವಂಥದ್ದಲ್ಲ ಅನ್ನಿಸಿತು.

ಫೋನು ಕಿಟಕಿಯ ಪಕ್ಕದ ಸೀಟಿಗೆ ಬಂತು. ಎರಡು ಕೈ. ಎಡ ತೋರುಬೆರಳ ಉಗುರು ನಡುವೆ ಸೀಳಿ, ಶೇಂಗಾ ಬೀಜ ಎರಡು ಬೇಳೆಯಾದ ಹಾಗೆ. ಸುತ್ತಲಿನವರು ನನ್ನ ಸಾಲು ಹಾಡುತ್ತಿದ್ದರು, ಆ ಸೀಟಿನ ದನಿ ಮಾತ್ರ ಬೇರೆ ಹಾಡಿತು:

ಒಳಗಿನ ಗಂಟು ಒಳಗೇ ಇರಲಿ,
ತೊಟ್ಟಾಕಿ ಮಾತ್ರ ನಕ್ಕೋಂತ ಇರಲಿ.

“ಯಾರೋ ತಪ್ಪು ಹಾಡ್ಯಾರ. ಆ ತುಂಡು ತೆಗೀಲೇನ್ರಿ?” ಎಂದ ಓಬುಲೇಶ್. ಬೇಡ ಎಂದೆ. ಆ ಉಗುರೂ ಆ ದನಿಯೂ ನಿನ್ನವು. ಆ ಸಾಲು ಮರೆತದ್ದು ಹೇಗೆ ದುರ್ಗಾ? ನಾನು ಬಳ್ಳಾರಿಗೆ ಕಾಲೇಜಿಗೆ ತೊಟ್ಟು ಹೋದ ಒಂದೊಂದು ಕುಪ್ಪಸವೂ ನೀನು ಹೊಲಿದದ್ದು. ಏಳನೇ ತರಗತಿಗೆ ಶಾಲೆ ಬಿಟ್ಟು ಮಿಷಿನ್ನಿಗೆ ಕೂತವಳು ನೀನು, ಓದಿದವಳು ನಾನು. ತೊಟ್ಟಾಕಿ ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ.

ಮರುದಿನ ಇಬ್ಬರಿಗೂ ನಿಜ ಹೇಳಿದೆ. ಗಂಗೋತ್ರಿ, “ಪರೀಕ್ಷಾದಾಗ ಪಕ್ಕದಾಕಿದು ನೋಡಿ ಬರದ್ರ ನಮ್ಮ ಕಿವಿ ಹಿಂಡ್ತಿದ್ರಲ್ರೀ ಟೀಚರ್!” ಎಂದಳು. ನಕ್ಕಳು. ಆಮೇಲೆ ನಗಲಿಲ್ಲ.

ವಿಡಿಯೋ ಸಿದ್ಧವಾಗಿದೆ. ಕೊನೆಯ ಸಾಲನ್ನು ಗಂಗೋತ್ರಿ ಹಾಡಿಲ್ಲ. ಅಲ್ಲಿ ಬಸ್ಸಿನ ನಿನ್ನ ದನಿಯೇ ಇದೆ. ಹಾಡು ಕಟ್ಟಿದವರ ಹೆಸರು ಬರುವ ಜಾಗವನ್ನು ಓಬುಲೇಶ್ ಖಾಲಿ ಬಿಟ್ಟಿದ್ದಾನೆ. ಅಲ್ಲಿ ನಿನ್ನ ಹೆಸರು ಬರೆಯಬಹುದೇ? ನೀನು ಹೇಳುವವರೆಗೆ ಅದು ಹೊರಗೆ ಹೋಗುವುದಿಲ್ಲ. ಬೇಡ ಎಂದರೆ ಹೋಗುವುದೇ ಇಲ್ಲ. ಕೈ ಕಳಿಸಿದ ನಾನೂರು ಜನರಿಗೂ ಕಾರಣವನ್ನು ನಾನೇ ಬರೆದು ತಿಳಿಸುತ್ತೇನೆ. ಹಾಡು ಯಾರದೆಂಬುದನ್ನಂತೂ, ನೀನು ಏನೇ ಹೇಳಿದರೂ, ಮುಂದಿನ ಸೋಮವಾರ ತರಗತಿಯಲ್ಲಿ ನಿಂತು ಹೇಳುವವಳಿದ್ದೇನೆ.

ಕದಿರಮ್ಮನವರನ್ನು ಕೇಳಿದ್ದರೆ ನಿನ್ನ ನಂಬರು ಸಿಗುತ್ತಿತ್ತು. ಕೇಳಲಿಲ್ಲ. ಫೋನಾದರೆ ನೀನು ಡ್ಯೂಟಿ ಎನ್ನುತ್ತೀ, ನಾನು ಮತ್ತೆ ಸರಿ ಎಂದು ಇಟ್ಟುಬಿಡುತ್ತೇನೆ. ನನ್ನ ನಂಬರು ಹಳೆಯದೇ ಇದೆ.

ಮಕ್ಕಳ ತಲೆ ಮೇಲೆ ನನ್ನ ಕೈ ಇಟ್ಟಿದ್ದೇನೆ ಎಂದು ಹೇಳು. ನೀನು ಕೂತಲ್ಲಿ ನಿನಗೆ ಬೆಳಕು ಚೆನ್ನಾಗಿ ಬೀಳಲಿ, ಬೆನ್ನು ನೋಯದಿರಲಿ.

ನಿನ್ನ ಅಕ್ಕ,
ನಾಗಮಣಿ

ಮತ್ತೆ: ಉಗುರಿನ ವಿಷಯ ಬರೆದೆ, ಅದು ಸೀಳಿದ್ದು ಹೇಗೆಂದು ಬರೆಯದೆ ಪೆನ್ನು ಮುಚ್ಚಿದ್ದೆ. ಮತ್ತೆ ತೆಗೆದಿದ್ದೇನೆ. ನನ್ನ ಎಂ.ಎ. ಎರಡನೇ ವರ್ಷ. ನೀನು ನನ್ನ ಕುಪ್ಪಸ ಹೊಲಿಯುತ್ತಿದ್ದೆ, ನಾನು ಪಕ್ಕದಲ್ಲಿ ಕೂತು ಲೈಬ್ರರಿ ಪುಸ್ತಕದಿಂದ ಒಂದು ಕವಿತೆ ಓದುತ್ತಿದ್ದೆ. “ಇನ್ನೊಂದು ಸಲ ಓದಕ್ಕ” ಎಂದು ನೀನು ತಲೆ ಎತ್ತಿದೆ. ಸೂಜಿ ಉಗುರು ಸೀಳಿ ಬೆರಳನ್ನು ಹಾದುಹೋಯಿತು. ಕೈ ಕಿತ್ತುಕೊಂಡಾಗ ರಕ್ತ ಪುಟದ ಮೇಲೆ ಬಿತ್ತು. ನಾನು ಮೊದಲು ಪುಸ್ತಕವನ್ನು ಎತ್ತಿಕೊಂಡೆ, ದುರ್ಗಾ. ಸೆರಗಿನಿಂದ ಅದನ್ನು ಒರೆಸಿದೆ. ಆಮೇಲೆ ನಿನ್ನ ಕೈ ನೋಡಿದೆ. ನೀನು ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದೆ. “ಪುಸ್ತಕಕ್ಕ ಏನೂ ಆಗಿಲ್ಲಲ್ಲಕ್ಕ?” ಎಂದು ನೀನೇ ಕೇಳಿದೆ. ಅಂದಿನಿಂದ ಇನ್ನೊಂದು ಸಲ ಓದು ಎಂದು ನೀನು ಯಾವತ್ತೂ ಕೇಳಲಿಲ್ಲ.