ಬಲಗಡೆಯ ಹೂ

ಮಾನ್ವಿ, ಶನಿವಾರ, ೨೪ ಜನವರಿ ೧೯೪೨

ಕಣ್ಣು ಮುಚ್ಚಿದರೆ ಆ ಹೂವೇ ಕಾಣುತ್ತದೆ.

ಅಂಡಮಾನಿನ ಸಾಲೆಯಲ್ಲಿ ಇವರಿಗೆ ನೌಕರಿ ಸಿಕ್ಕಿದೆ. ಅಲ್ಲಿ ಅಂಗಡಿ ಇಟ್ಟಿದ್ದ ಕಲ್ಲೂರಿನ ಹಂಪಣ್ಣ ಊರಿಗೆ ಮರಳಿದ್ದಾನೆಂದು ಇವತ್ತು ಮನೆಗೆ ಕರೆಸಿದ್ದರು. ಜೋಳ ಸಿಗುವುದಿಲ್ಲವಂತೆ. ಇವರು "ನಡೀತದ" ಎಂದರು. ಹಾಲು ಅಪರೂಪವಂತೆ, ಮಳೆಗಾಲ ಮುಗಿಯುವುದೇ ಇಲ್ಲವಂತೆ, ಚಳಿಜ್ವರ ಮನೆಮನೆಗೂ ಇದೆಯಂತೆ. ಅದಕ್ಕೂ "ನಡೀತದ". ಅಂಥ ಮಳೆಯಲ್ಲೂ ಮಡಿನೀರು ತರಬೇಕಾದವಳು ನಾನು. ನನ್ನನ್ನು ಯಾರು ಕೇಳುತ್ತಾರೆ?

"ಹಡಗಿನ್ಯಾಗ ಜಾಗ ಸಿಗ್ತದೇನು?" ಎಂದು ಇವರು ಕೇಳಿದರು.

"ಹೋಗಾಕ ಬೇಕಾದಷ್ಟು ಜಾಗ ಅದರೀ, ಮಾಸ್ತರ. ಈ ಕಡಿ ಬರೋ ಹಡಗಿನ್ಯಾಗ ನಿಂದರಾಕೂ ಜಾಗ ಇಲ್ಲ. ಜಪಾನಿನವರು ಬರ್ತಾರಂತ ಮಂದಿ ಮಕ್ಕಳನ್ನ ಕಟಗೊಂಡು ಓಡಿ ಬರಾಕತ್ತಾರ."

ಇವರು ನಕ್ಕರು. "ಹಂಗಾದ್ರ ನಮಗ ಕಾಲು ಚಾಚಿ ಮಲಗಲಿಕ್ಕೆ ಆತು."

ಹಂಪಣ್ಣ ನಗಲಿಲ್ಲ. ನನ್ನ ಕಂಕುಳಲ್ಲಿದ್ದ ಕೂಸನ್ನು ನೋಡಿ ಎದ್ದು ಹೋದ.

ಸಂಜೆ ಅತ್ತೆಯವರು ಪ್ರಾಣದೇವರ ಗುಡಿಯಲ್ಲಿ ಹೂ ಕೇಳಿದರು. ಅರ್ಚಕರು ದೇವರ ಎರಡೂ ಭುಜಕ್ಕೆ ಹೂವಿಟ್ಟರು. ಬಲಗಡೆಯದು ತಟ್ಟನೆ ಬಿತ್ತು.

"ಅಪ್ಪಣಿ ಆತು. ಇನ್ನ ಗಂಟು ಕಟ್ಟವಾ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಇವರಂತೂ ಗೆದ್ದವರ ಹಾಗೆ ನನ್ನ ಕಡೆ ನೋಡಿದರು.

ಅತ್ತೆಯ ಪಕ್ಕದಲ್ಲೇ ನಾನು ಕೈಮುಗಿದು ನಿಂತಿದ್ದೆ. ಅವರು ಕೇಳಿದ್ದು ಇಷ್ಟೇ: "ಇವರೆಲ್ಲಾ ಸುಖರೂಪ ಹೋಗಿ ಮುಟ್ತಾರೇನಪ್ಪಾ?"

ಒಂದೇ ಕೆಲಸಕ್ಕೆ ದೇವರನ್ನು ಎರಡು ಸಲ ಕೇಳಬಾರದು.

ಹೋಗಿ ಮುಟ್ಟುತ್ತೇವೆ, ಅದರಲ್ಲಿ ಅನುಮಾನವಿಲ್ಲ. ತಿರುಗಿ ಬರುತ್ತೇವೆಯೇ ಎಂದು ಯಾರೂ ಕೇಳಲಿಲ್ಲ.