ವಿಡಿಯೋದಲ್ಲಿ ಇಲ್ಲದ ತರಕರಡಿ

ಉಕ್ಕುನಗರ, ವಿಶಾಖಪಟ್ಟಣ
೨೧ ಜನವರಿ ೨೦೨೫, ಮಂಗಳವಾರ

ಚಿ. ಸೌ. ಜಾಹ್ನವಿಗೆ,

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಅದಕ್ಕಿಂತ ಹೆಚ್ಚಿನ ಕ್ಷೇಮಸಮಾಚಾರ ಬರೆಯಲು ಈ ಸಲ ನನಗೆ ಬಾಯಿಲ್ಲ.

ಸಂಕ್ರಾಂತಿಗೆ ನಿಮ್ಮ ಮನೆಗೆ ಎಳ್ಳುಬೆಲ್ಲ ಕಳಿಸಲಿಲ್ಲ, ಕ್ಷಮಿಸು. ಹಬ್ಬದ ಸಂಜೆ ನೀನು ಫೋನಿನಲ್ಲಿ ಅಷ್ಟು ಅತ್ತೆ, ನಾನು ‘ದೇವರಿದ್ದಾನೆ ಬಿಡು’ ಎಂದು ಇಟ್ಟುಬಿಟ್ಟೆ. ಆಮೇಲೆ ನೀನು ಮೂರು ಸಲ ಮಾಡಿದೆ, ನಾನು ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿ, ಕುಕ್ಕರ್ ಕೂಗುತ್ತಿದೆ ಎಂದೆ. ಕುಕ್ಕರ್ ಒಲೆಯ ಮೇಲೇ ಇರಲಿಲ್ಲ. ಅಕ್ಕ ಯಾಕೋ ಮುನಿಸಿಕೊಂಡಿದ್ದಾಳೆ ಎಂದು ನೀನು ಗಂಡನ ಹತ್ತಿರ ಹೇಳಿದೆಯಂತೆ, ಉದಯ್ ಅಂದ. ಮುನಿಸಿಕೊಳ್ಳುವ ಹಕ್ಕು ಇರುವುದು ನಿನಗೆ. ಯಾಕೆಂದು ಹೇಳಲೇ ಕೂತಿದ್ದೇನೆ, ಆದರೆ ನನ್ನ ಬುದ್ಧಿ ನಿನಗೆ ಗೊತ್ತಲ್ಲ, ವಿಷಯಕ್ಕೆ ಬರುವ ಮೊದಲು ನಾಲ್ಕು ಬೀದಿ ಸುತ್ತುವವಳು.

ನಮ್ಮವರಿಗೆ ಇನ್ನು ಹದಿನಾಲ್ಕು ತಿಂಗಳ ಸರ್ವಿಸ್. ಕ್ವಾರ್ಟರ್ಸ್ ಬಿಡಬೇಕಲ್ಲ ಎಂದು ಈಗಿನಿಂದಲೇ ರಟ್ಟಿನ ಡಬ್ಬಗಳನ್ನು ತಂದು ಪೇರಿಸುತ್ತಿದ್ದಾರೆ. ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯ ಕುಲುಮೆ ನಡೆಸಿದ ಮನುಷ್ಯನಿಗೆ ಮನೆಯಲ್ಲಿ ಗ್ಯಾಸ್ ಲೈಟರ್ ಎಲ್ಲಿದೆ ಎಂದು ಇವತ್ತಿಗೂ ತಿಳಿಯದು. ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮ ದಿನಕ್ಕೊಮ್ಮೆ ಕಾಂಪೌಂಡಿನ ಮೇಲಿಂದ ಬಗ್ಗಿ, ನಿಮ್ಮ ಪಾಪು ಯಾವಾಗ ಬರುತ್ತಾಳೆ ಎಂದು ಕೇಳುತ್ತಾರೆ. ಅವರ ಲೆಕ್ಕದಲ್ಲಿ ನಿನ್ನ ಮಗಳು ಅಮೂಲ್ಯ ಈಗಲೂ ನನ್ನ ಮೊಮ್ಮಗಳೇ. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋಗಿಬಿಡುತ್ತೇನೆ.

ಸರಿ, ಬೀದಿ ಮುಗಿಯಿತು.

ಹಬ್ಬದ ಸಂಜೆ ನೀನು ಹೇಳಿದ ಮಾತು ಒಂದೊಂದೂ ನನಗೆ ಬಾಯಿಪಾಠ. ‘ಅಕ್ಕಾ, ಈಕಿ ಸಾಲಿಂದ ಬರೋ ಹೊತ್ತಿಗೆ ಚೀಲದ ತುಂಬ ಕಲ್ಲು ತರ್ತಾಳ. ಹಾಸಿಗಿ ಕೆಳಗ ಕಲ್ಲು, ಊಟದ ಡಬ್ಬಿ ಒಳಗ ಕಲ್ಲು. ಯಾಕ ಅಂತ ಕೇಳಿದ್ರ ಏಮೀ ಲೇದು ಅಂತಾಳ. ನಾ ಬಿಟ್ಟು ಬಂದಿದ್ದಕ್ಕ ಹಿಂಗ ಆಗ್ಯಾಳ. ನನಗ ಈ ಪ್ರಮೋಷನ್ ಬ್ಯಾಡ, ಈ ತಿಂಗಳ ಕಡೀ ಸೋಮವಾರ ಬರದು ಕೊಟ್ಟುಬಿಡ್ತೀನಿ.’

ಹನ್ನೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಎರಡು ಸಲ ಪರೀಕ್ಷೆ ಬರೆದು, ಬೇರೆ ಊರಿನ ಆಟೋನಗರದ ಶಾಖೆಗೆ ಮ್ಯಾನೇಜರ್ ಆಗಿ ಹೋದವಳು ನೀನು. ಹೊರಡುವ ದಿನ ದುವ್ವಾಡ ಸ್ಟೇಷನ್ನಿನಲ್ಲಿ, ದಸರಾ ರಜದವರೆಗೆ ಮಗಳನ್ನು ನೋಡಿಕೊಳ್ಳಕ್ಕಾ ಎಂದು, ಒಡಹುಟ್ಟಿದವಳಲ್ಲದ ನನ್ನ ಕೈ ಹಿಡಿದೆ. ಉದಯ್ ಅಚ್ಯುತಾಪುರದ ಕೆಲಸ ಮುಗಿಸಿ ಮನೆ ಮುಟ್ಟುವುದು ರಾತ್ರಿ ಎಂಟಕ್ಕೆ, ಅಲ್ಲಿಯವರೆಗೆ ನಾನಿದ್ದೇನೆ ಎಂದು ದೊಡ್ಡದಾಗಿ ಹೇಳಿದೆ. ಅವಳು ಹಾಗಾದದ್ದು ನೀನು ಬಿಟ್ಟುಹೋದದ್ದರಿಂದಲ್ಲ, ಜಾಹ್ನವಿ. ನನ್ನಿಂದ.

ಆಗಸ್ಟಿನಲ್ಲಿ ಕನ್ನಡ ಸಂಘದ ರಾಮ್‌ಪ್ರಸಾದ್ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದರಲ್ಲ, ನಮ್ಮ ಭಾನುವಾರದ ಕನ್ನಡ ಕ್ಲಾಸಿನದು, ಅದನ್ನು ಇನ್ನೊಮ್ಮೆ ನೋಡು. ಅಮೂಲ್ಯ ಎದ್ದು ನಿಂತು ತಾನು ಓದಿದ ಇಂಗ್ಲಿಷ್ ಪುಸ್ತಕದ ಬ್ಯಾಜರ್ ಅಜ್ಜನ ಬಗ್ಗೆ ಕನ್ನಡದಲ್ಲಿ ಹೇಳುತ್ತಾಳೆ. ಬಿಲ ತೋಡುವ ಪ್ರಾಣಿ, ನೆಲದೊಳಗೆ ಅವನ ಮನೆ, ಅಲ್ಲಿ ಬೆಂಕಿ ಉರಿಯುತ್ತಿರುತ್ತದೆ, ದಾರಿ ತಪ್ಪಿ ಬಂದ ಮರಿಗಳಿಗೆ ಸೂಪು ಕುಡಿಸಿ ಕಂಬಳಿ ಹೊದಿಸುತ್ತಾನೆ, ಯಾರನ್ನೂ ಬೈಯುವುದಿಲ್ಲ. ಕ್ಲಾಸಿನ ನಂದನ್, ಪ್ರಾರ್ಥನಾ ಎಲ್ಲ ನೀರು ಬೇಕೆಂದು ಕೇಳುವುದೂ ತೆಲುಗಿನಲ್ಲೇ. ಅಂಥ ಕಡೆ ಈ ಮಗು ಎರಡು ನಿಮಿಷ ತಡವರಿಸದೆ ಮಾತಾಡಿದ್ದು ನೋಡಿ ಹಿಂದೆ ಕೂತಿದ್ದ ತಂದೆತಾಯಿಗಳೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ವಿಡಿಯೋ ಅಲ್ಲಿಗೆ ಮುಗಿಯುತ್ತದೆ. ‘ನನ್ನ ಮಗಳು’ ಎಂದು ಬರೆದು ನೀನು ಆರು ಹೃದಯ ಕಳಿಸಿದ್ದೆ. ಆ ವಿಡಿಯೋ ನಿಂತ ಮೇಲೆ ಏನಾಯಿತು ಎಂಬುದನ್ನು ನಿನಗೆ ಯಾರೂ ಹೇಳಿಲ್ಲ.

ನಾನು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದೆ. ಅದು ಹಿಮ ಬೀಳುವ ದೇಶದವರ ಬ್ಯಾಜರ್, ಸೂಪು ಕುಡಿಯುತ್ತದೆ, ನಮ್ಮದು ಬೇರೆ, ನಮ್ಮದರ ಹೆಸರು ತರಕರಡಿ ಎಂದೆ. ನನ್ನ ಅಜ್ಜಿ ಶಿರಾದ ಕಡೆಯವಳು. ಅವಳು ಹೇಳುತ್ತಿದ್ದ ಕಥೆ ತೆಗೆದೆ. ತರಕರಡಿ ಮೊದಲು ಮೈಯೆಲ್ಲ ಕಪ್ಪಗಿತ್ತಂತೆ. ಸ್ಮಶಾನ ಕಾಯಲು ಯಾವ ಪ್ರಾಣಿಯೂ ಒಪ್ಪದಿದ್ದಾಗ ಅದೊಂದು ಒಪ್ಪಿತಂತೆ. ಚಳಿಗಿರಲಿ ಎಂದು ಯಮಧರ್ಮ ತಲೆಯಿಂದ ಬಾಲದವರೆಗೆ ಬೂದಿ ಬಣ್ಣದ ಕಂಬಳಿ ಹೊದಿಸಿದ. ಆ ಕಂಬಳಿ ಎಷ್ಟು ದಪ್ಪವೆಂದರೆ ಹೆಜ್ಜೇನು ಕಚ್ಚಿದರೂ ನಾಟುವುದಿಲ್ಲ, ನಾಯಿ ಹಿಡಿದರೂ ಹರಿಯುವುದಿಲ್ಲ. ತನಗಿನ್ನು ಯಾರ ಹೆದರಿಕೆಯೂ ಇಲ್ಲವೆಂದು ತಿಳಿದ ದಿನ ಕಾವಲುಗಾರನೇ ಕಳ್ಳನಾದ. ಹೂತ ಹೆಣಗಳನ್ನು ಹೊರತೆಗೆಯತೊಡಗಿದ.

ನನಗೆ ಕಥೆ ಹೇಳಲು ಬರುತ್ತದೆ ಎಂಬ ಜಂಬ ನಿನಗೆ ಹೊಸದಲ್ಲ. ಉಗುರಿನಿಂದ ಬೆಂಚಿನ ಹಲಗೆ ಕೆರೆದು ಅದು ಮಣ್ಣು ಕೆದರುವ ಸದ್ದು ಮಾಡಿದೆ. ಮಕ್ಕಳು ಒಬ್ಬರಿಗೊಬ್ಬರು ಅಂಟಿ ಕೂತವು. ಅಮೂಲ್ಯ ಮತ್ತೆ ಎದ್ದು ನಿಂತಳು.

‘ದೊಡ್ಡಮ್ಮಾ, ಅದು ಸಣ್ಣ ಕೂಸನ್ನೂ ತಗೀತೈತೇನು?’

‘ಸಣ್ಣ ಕೂಸನ್ನೇ ಮೊದಲು’ ಎಂದೆ. ‘ಸಣ್ಣ ಗುಂಡಿ ತೋಡೋದು ಸುಲಭ ಅಲ್ವಾ?’

ಇಷ್ಟೇ ನಡೆದದ್ದು. ಇದನ್ನು ಬರೆಯಲು ನನಗೆ ಐದು ತಿಂಗಳು ಬೇಕಾಯಿತು. ಕಥೆಯ ಗುಂಗಿನಲ್ಲಿದ್ದೆ, ನಿನ್ನ ಕೂಸಿನ ನೆನಪು ಆ ಗಳಿಗೆಯಲ್ಲಿ ನನಗೆ ಬರಲಿಲ್ಲ. ಹಲ್ಲು ಬಾರದ ಕೂಸನ್ನು ಸುಡುವುದಿಲ್ಲವೆಂದು ಎರಡು ವರ್ಷದ ಹಿಂದೆ ಉದಯ್ ಮತ್ತು ನಮ್ಮವರು ಅದನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದಾಗ ಅಮೂಲ್ಯ ನನ್ನ ಮಡಿಲಲ್ಲಿ ಕೂತಿದ್ದಳು. ತಮ್ಮ ಎಲ್ಲಿ ಎಂದು ಕೇಳಿದಳು. ಮಣ್ಣಿನೊಳಗೆ ಮಲಗಿದ್ದಾನೆ ಎಂದು ಹೇಳಿದವಳೂ ನಾನೇ.

ಅವತ್ತು ಕ್ಲಾಸು ಮುಗಿದ ಮೇಲೆ ಎಲ್ಲರಿಗೂ ಕೊಟ್ಟ ಚಕ್ಕುಲಿ ಅವಳ ತಟ್ಟೆಯಲ್ಲಿ ಹಾಗೇ ಇತ್ತು. ಅಳಲಿಲ್ಲ. ಸೋಮವಾರ ಸ್ಕೂಲ್ ಬಸ್ಸಿನಿಂದ ಇಳಿಸಿಕೊಂಡಾಗ ಚೀಲ ಎತ್ತಲು ಆಗಲಿಲ್ಲ. ಬಿಚ್ಚಿದರೆ ಕಲ್ಲು. ಯಾಕಮ್ಮಾ ಎಂದರೆ, ತಮ್ಮನ ಮೇಲೆ ಇಡಲು ಎಂದಳು. ಅಲ್ಲಿ ಆಗಲೇ ಇಟ್ಟಿದ್ದಾರೆ ಎಂದೆ. ಎಷ್ಟು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ಚೀಲದ ಜಿಪ್ ಎಳೆಯುತ್ತಾ ತಲೆ ಎತ್ತದೆ ಹೇಳಿದಳು: ‘ಬ್ಯಾಜರ್ ಅಜ್ಜ ತಮ್ಮನ್ನ ನೋಡ್ಕೊಂತಾನ ಅನ್ಕೊಂಡಿದ್ದೆ.’

ಆ ಪುಸ್ತಕವನ್ನು ಅವಳು ಅಷ್ಟು ಸಲ ಯಾಕೆ ಓದುತ್ತಿದ್ದಳು ಎಂದು ನನಗೆ ಹೊಳೆದದ್ದು ಆಗ. ನೆಲದೊಳಗಿನ ಬೆಂಕಿ, ಸೂಪು, ಕಂಬಳಿ ಎಲ್ಲವೂ ತಮ್ಮನಿಗೆ. ದೊಡ್ಡವರಾದ ನಮಗಾರಿಗೂ ಮಾಡಲಾಗದ ಏರ್ಪಾಟನ್ನು ಆ ಮಗು ಒಂದೇ ಮಾಡಿಕೊಂಡಿತ್ತು. ನಾನು ಹತ್ತು ನಿಮಿಷದಲ್ಲಿ ಅದನ್ನು ಕಿತ್ತುಹಾಕಿದೆ.

ಹೋಗಲಿ, ಆಗಲಾದರೂ ನಿನಗೆ ಫೋನ್ ಮಾಡಬಹುದಿತ್ತು. ಮಾಡಿದ್ದು ಬೇರೆ. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಮ್ಮನಿಗೆ ಇದನ್ನು ಹೇಳಬೇಡ ಕಂದ, ಅಮ್ಮ ಅಳುತ್ತಾಳೆ ಎಂದೆ. ಅವಳು ತಲೆಯಾಡಿಸಿದಳು. ನಿನ್ನ ಅಳುವಿಗೆ ಹೆದರಿ ಹೇಳಿದೆನೆಂದು ನನಗೆ ನಾನೇ ನಂಬಿಸಿಕೊಂಡೆ. ನಿಜವೆಂದರೆ ನಿನ್ನ ಬಾಯಿಂದ ನನ್ನ ಹೆಸರು ಬರುವುದಕ್ಕೆ ಹೆದರಿದ್ದೆ. ಅವಳು ಮಾತು ಕೊಟ್ಟವಳು, ಇವತ್ತಿಗೂ ಉಳಿಸಿಕೊಂಡಿದ್ದಾಳೆ. ನೀನು ಏನು ಕೇಳಿದರೂ ಏನೂ ಇಲ್ಲ ಎನ್ನುತ್ತಿರುವುದು ನನ್ನ ಮಾತಿಗೆ ಕಟ್ಟುಬಿದ್ದು. ಮೊದಲು ಅದನ್ನು ಬಿಚ್ಚು. ದೊಡ್ಡಮ್ಮನೇ ಎಲ್ಲ ಬರೆದಿದ್ದಾಳೆ, ಇನ್ನು ನೀನು ಹೇಳಬಹುದು ಎಂದು ಹೇಳು.

ದಸರಾಕ್ಕೆ ನೀನು ಬಂದು ಅವಳನ್ನು ಕರೆದೊಯ್ದೆ. ನನಗೆ ದುಃಖವಾಗಬೇಕಿತ್ತು, ಹಗುರವಾಯಿತು. ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಕನ್ನಡ ಉಳಿಸಿಕೊಟ್ಟ ತಾಯಿ ಎಂದು ನನಗೆ ಶಾಲು ಹೊದಿಸಿದರು, ಪರದೆಯ ಮೇಲೆ ಅಮೂಲ್ಯಳ ಅದೇ ವಿಡಿಯೋ ಹಾಕಿದರು. ನಾನು ಶಾಲು ಹೊದ್ದು ನಗುತ್ತಾ ನಿಂತಿದ್ದೆ. ಹಣ್ಣಿನ ಬುಟ್ಟಿಯನ್ನೂ ಮನೆಗೆ ತಂದೆ, ತಿಂದೆವು ಕೂಡ.

ನಿನ್ನ ಅರ್ಜಿಯ ಮಾತು ಕೇಳಿದ ಮೇಲೆ ಅನ್ನ ಸೇರುತ್ತಿಲ್ಲ. ಶುಕ್ರವಾರ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಚಶ್ಮಾ ಒರೆಸಿಕೊಂಡು, ‘ಐದು ತಿಂಗಳು ಆ ಮಗು ಒಂದೇ ಕಾವಲು ಕಾಯ್ತಾ ಇದೆಯಲ್ಲೇ’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅವರ ಜೊತೆ ಕೂಸು ಮಲಗಿದಲ್ಲಿಗೆ ಹೋದೆ. ಹೆಂಗಸರು ಹೋಗುವುದಿಲ್ಲ ಎಂದು ಕಾವಲಿನವನು ಗೊಣಗಿದ, ನಾನು ಕೇಳಲಿಲ್ಲ. ಕೂಸನ್ನು ಹೂತ ದಿನ ನಮ್ಮವರು ಇಟ್ಟದ್ದು ಒಂಬತ್ತು ಕಲ್ಲು. ಒಂಬತ್ತೂ ಇಟ್ಟಲ್ಲೇ ಇವೆ. ಒಂದೂ ಮಗ್ಗುಲಾಗಿಲ್ಲ, ಮಣ್ಣು ಗಟ್ಟಿಯಾಗಿದೆ, ಗರಿಕೆ ಹುಟ್ಟಿದೆ. ಇದನ್ನು ಅವಳಿಗೆ ಹೇಳು. ಎಷ್ಟು ಎಂದು ಕೇಳಿದ್ದಳಲ್ಲ, ಒಂಬತ್ತು ಎಂದು ಹೇಳು. ಇನ್ನೊಂದನ್ನೂ ಹೇಳು, ತರಕರಡಿಯನ್ನು ದೊಡ್ಡಮ್ಮ ಹುಟ್ಟಿದಾಗಿನಿಂದ ಒಂದು ಸಲವೂ ನೋಡಿಲ್ಲ, ಅವಳ ಅಜ್ಜಿಯೂ ನೋಡಿರಲಿಲ್ಲ. ನೋಡದ ಪ್ರಾಣಿಯ ಮೇಲೆ ಬಾಯಿಗೆ ಬಂದದ್ದು ಹೇಳಿದ್ದೇವೆ, ಅಷ್ಟೆ. ಅವಳ ಬ್ಯಾಜರ್ ಅಜ್ಜ ನಂಬಲು ನನ್ನ ತರಕರಡಿಗಿಂತ ಯಾವುದರಲ್ಲೂ ಕಡಿಮೆಯಿಲ್ಲ.

ಸೋಮವಾರ ಅರ್ಜಿ ಕೊಡಬೇಡ. ಇದೊಂದು ನನ್ನ ಕೋರಿಕೆ. ಮಾಡದ ತಪ್ಪಿಗೆ ನೀನು ಕುರ್ಚಿ ಬಿಟ್ಟು ಎದ್ದರೆ, ನಾನು ನಿನ್ನ ಇಬ್ಬರು ಮಕ್ಕಳಿಗೂ ನಿನಗೂ ಕೆಟ್ಟದ್ದು ಮಾಡಿದ ಹಾಗಾಗುತ್ತದೆ. ನೀನು ಹೂಂ ಎಂದರೆ ಬಂದು ಅವಳ ಮುಂದೆ ಕೂತು ನಾನೇ ಹೇಳುತ್ತೇನೆ. ಬೇಡವೆಂದರೆ ಬರುವುದಿಲ್ಲ, ಯಾಕೆಂದೂ ಕೇಳುವುದಿಲ್ಲ. ಭಾನುವಾರದ ಕ್ಲಾಸು ನಿಲ್ಲಿಸಿದ್ದೇನೆ. ರಾಮ್‌ಪ್ರಸಾದ್‌ಗೆ ಮಂಡಿ ನೋವು ಎಂದಿದ್ದೆ, ಈ ಭಾನುವಾರ ಅವರಿಗೂ ನಿಜ ಹೇಳುತ್ತೇನೆ.

ಈ ಪತ್ರ ಶನಿವಾರ ಉದಯ್ ಕೈಯಲ್ಲಿ ಬರುತ್ತದೆ. ಅವನಿಗೂ ಓದಲು ಕೊಡು.

ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಈಗ ಇಲ್ಲದಿರಬಹುದು, ಆದರೂ ದೊಡ್ಡವಳೆಂಬ ಸಲಿಗೆಯಿಂದ ಬರೆಯುತ್ತೇನೆ. ನೀನು ಕೂತ ಕುರ್ಚಿ ನಿನಗೆ ನೂರು ಕಾಲ ಒಪ್ಪಲಿ. ಅಮೂಲ್ಯ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಲಿ.

ನಿನ್ನ,
ಮೃಣಾಲಿನಿ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಹರಿದು, ಇದನ್ನು ಸೇರಿಸುತ್ತಿದ್ದೇನೆ. ಅವಳು ಕೇಳಿದಾಗ ಕೂಸಿನ ನೆನಪು ಬರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ‘ಸಣ್ಣ ಕೂಸು’ ಎಂದು ಅವಳ ಬಾಯಿಂದ ಬಂದ ಕೂಡಲೇ ನೆನಪಾಯಿತು. ಇಲ್ಲ ಕಂದ, ಇದು ಬರೀ ಕಥೆ ಎಂದಿದ್ದರೆ ಮುಗಿಯುತ್ತಿತ್ತು, ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸ್ವಲ್ಪ ಹೊತ್ತಿನ ಮೊದಲು ಅಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅವಳ ಕಥೆಗೆ. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಕಥೆ ಹೇಳಿದ ನನಗೆ ಒಬ್ಬರೂ ಎದ್ದು ನಿಂತಿರಲಿಲ್ಲ. ಏಳು ವರ್ಷದ ಮಗುವಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು, ಜಾಹ್ನವಿ. ಅವಳ ಮುಖ ನೋಡಿಕೊಂಡೇ ಹೇಳಿದೆ.